ಹಿತ್ತಲಿನ ಗಿಡುಗವನ್ನು ನೋಡುವುದು ಹೇಗೆ? ಬೇಟೆಯಿಂದ ಗೂಡಿನವರೆಗೆ

ಪ್ರತಿ ವರ್ಷ ಶಿವರಾತ್ರಿ ದಾಟಿ ಬಿಸಿಲು ಏರತೊಡಗಿದರೆ ನನಗೆ ಒಂದೇ ಪ್ರಶ್ನೆ ಹತ್ತಾರು ಬಾಯಿಂದ ಬರುತ್ತದೆ. “ಸರ್, ನಮ್ಮ ಹಿತ್ತಲಿನ ಬೇವಿನ ಗಿಡದಾಗ ಒಂದು ಸಣ್ಣ ಹದ್ದು ಬಂದು ಕುಂಡ್ರತೈತಿ. ನಿನ್ನೆ ಇಣಚಿ (ಅಳಿಲು) ಹಿಡಕೊಂಡು ಹೋತು. ಏನದು? ಗೂಡು ಕಟ್ಟೈತೇನು? ಓಡಿಸಬೇಕೋ, ಬಿಡಬೇಕೋ?” ಕೇಳುವವರು ಬಾಗಲಕೋಟೆಯ ನವನಗರದವರಿರಬಹುದು, ಬೆಳಗಾವಿಯ ಟಿಳಕವಾಡಿಯವರಿರಬಹುದು, ನಮ್ಮ ವಿಜಯಪುರದವರೇ ಇರಬಹುದು. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಓಡಿಸಬೇಡಿ, ನೋಡಿ. ಬೇರೆ ಊರಿನವರು ದುಡ್ಡು ಖರ್ಚು ಮಾಡಿ ಕಾಡಿಗೆ ಹೋಗಿ ನೋಡುವುದು ನಿಮ್ಮ ಹಿತ್ತಲಿಗೇ ಬಂದಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಗೂಡು ಸಿಕ್ಕ ಮೇಲಂತೂ ಕಣ್ಣಿಗೆ ಕೆಲಸ ಕಡಿಮೆ ಕೊಟ್ಟಷ್ಟೂ ಒಳ್ಳೆಯದು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಏನೇನು ಬೇಕು?

ಒಂದು ಕುರ್ಚಿ, ತಲೆಗೆ ಟೋಪಿ ಅಥವಾ ಟವೆಲ್, ನೀರಿನ ಬಾಟಲಿ, ಒಂದು ನೋಟ್‌ಬುಕ್, ಪೆನ್ನು. ಬಟ್ಟೆ ಮಾಸಲು ಬಣ್ಣದ್ದಾಗಿರಲಿ. ಬೆಳ್ಳಗೆ ಹೊಳೆಯುವ ಅಂಗಿ ಹಾಕಿಕೊಂಡು ಮಾಳಿಗೆ ಮೇಲೆ ಕೂತರೆ ಇಡೀ ಓಣಿಯ ಹಕ್ಕಿಗಳಿಗೆ ನೀವೇ ಮೊದಲು ಕಾಣುತ್ತೀರಿ.

ದುರ್ಬೀನು ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ 8×42 ಅನ್ನುವ ಅಳತೆ ಕೇಳಿ. 8 ಅಂದರೆ ವಸ್ತು ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ಗಳಲ್ಲಿ. ಗಾಜು ಅಗಲವಿದ್ದರೆ ಬೆಳಕು ಜಾಸ್ತಿ ಒಳಗೆ ಬರುತ್ತದೆ, ಬೆಳಗಿನ ಮಬ್ಬಿನಲ್ಲೂ ಚೆನ್ನಾಗಿ ಕಾಣುತ್ತದೆ. 20 ಪಟ್ಟು, 30 ಪಟ್ಟು ಅಂತ ಮಾರುವ ಅಗ್ಗದ ದುರ್ಬೀನಿಗೆ ಮರುಳಾಗಬೇಡಿ. ಕೈ ಸ್ವಲ್ಪ ನಡುಗಿದರೂ ಹಕ್ಕಿಯೇ ಕುಣಿಯುತ್ತದೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ಮೊದಲ ವರ್ಷ ಬರಿಗಣ್ಣೇ ಸಾಕು.

ಹಂತ 1: ಬಂದದ್ದು ಯಾರು?

ನಮ್ಮ ಕಡೆ ಕೊಕ್ಕು ಬಾಗಿರುವ ಎಲ್ಲವನ್ನೂ ‘ಹದ್ದು’ ಅಂದುಬಿಡುತ್ತೇವೆ. ಹಿತ್ತಲಿಗೆ ಬರುವುದು ಬಹಳ ಸಲ ಶಿಕ್ರಾ ಅನ್ನುವ ಸಣ್ಣ ಗಿಡುಗ. ಪುಸ್ತಕದ ಕನ್ನಡದಲ್ಲಿ ಬಿಜ್ಜು. ಶಿಕಾರಿ ಅನ್ನುವ ಮಾತಿನ ಬಳಗದ್ದೇ ಈ ಹೆಸರು. ಪಾರಿವಾಳದ ಗಾತ್ರ, ಉದ್ದ ಸುಮಾರು 30 ಸೆಂ.ಮೀ. ಬೆನ್ನು ಬೂದು, ಎದೆಯ ಮೇಲೆ ಇಟ್ಟಿಗೆ ಬಣ್ಣದ ಸಣ್ಣ ಸಣ್ಣ ಅಡ್ಡ ಗೆರೆ, ಬಾಲಕ್ಕೆ ಕಪ್ಪು ಪಟ್ಟೆ. ಗಂಟಲಿನ ನಡುವೆ ಒಂದು ತೆಳು ಕಪ್ಪು ಗೆರೆ ಇಳಿದಿರುತ್ತದೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಹಳದಿ ಕಡೆಗೆ. ಹೆಣ್ಣು ಗಂಡಿಗಿಂತ ದೊಡ್ಡದು. ಮರಿಗಳು ಕಂದು ಬಣ್ಣ, ಎದೆಯ ಮೇಲೆ ಅಡ್ಡ ಗೆರೆಯ ಬದಲು ಉದ್ದುದ್ದ ಮಚ್ಚೆ. ಹಾರುವ ರೀತಿಯಿಂದಲೂ ಗುರುತು ಹಿಡಿಯಬಹುದು. ನಾಲ್ಕೈದು ಸಲ ಪಟಪಟ ರೆಕ್ಕೆ ಬಡಿದು ಸ್ವಲ್ಪ ದೂರ ತೇಲುತ್ತದೆ, ಮತ್ತೆ ಪಟಪಟ.

ಮನೆಯ ಹಿಂದೆ ಹೊಲವೋ ಖಾಲಿ ಜಾಗವೋ ಇದ್ದವರಿಗೆ ಇನ್ನೊಬ್ಬ ಬೇಟೆಗಾರ ಸಿಗುತ್ತಾನೆ. ರಾಮದಾಸ ಹದ್ದು. ಮೈ ಬಿಳಿ-ಬೂದು, ಹೆಗಲ ಮೇಲೆ ಕಪ್ಪು ಮಚ್ಚೆ, ಕಣ್ಣು ಕೆಂಡದಂತೆ ಕೆಂಪು. ಹೊಲದ ಮೇಲೆ ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತಾ ಕೆಳಗೆ ನೋಡುತ್ತದೆ. ಇಲಿ ಕಂಡರೆ ಕಾಲು ಇಳಿಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಇದರ ಊಟ ಹೆಚ್ಚಾಗಿ ಇಲಿಯೇ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೀರಲ್ಲ, ಆಗ ಊಟ ಮುಗಿದ ಮೇಲೆ ಜೋಳದ ಹೊಲದ ಕಡೆ ಹತ್ತು ನಿಮಿಷ ಸುಮ್ನೆ ನೋಡಿ. ಎರೆ ಭೂಮಿಯ ಜೋಳ, ಕಡಲೆ ಹೊಲಗಳ ಮೇಲೆ ಇದು ಸಾಮಾನ್ಯ.

ಇಲ್ಲಿ ಮೂರು ತಪ್ಪು ಎಲ್ಲರೂ ಮಾಡುತ್ತಾರೆ. ಮೇಲೆ ಆಕಾಶದಲ್ಲಿ ಗಿರಗಿರ ಸುತ್ತುವ, ಬಾಲದ ತುದಿ ಕವಲಾಗಿರುವ ದೊಡ್ಡ ಕಂದು ಹಕ್ಕಿ ಊರ ಹದ್ದು. ಅದು ಮಾಂಸದ ಅಂಗಡಿ, ಕಸದ ಗುಡ್ಡೆಯ ಗಿರಾಕಿ, ಶಿಕ್ರಾ ಅಲ್ಲ. ಎರಡನೆಯದು ಚಳಿಗಾಲದ ಗೊಂದಲ: ರಾಮದಾಸನ ಹಾಗೆಯೇ ಗಾಳಿಯಲ್ಲಿ ನಿಲ್ಲುವ, ಆದರೆ ಮೈ ಇಟ್ಟಿಗೆ ಕಂದು ಬಣ್ಣದ ಕೆಸ್ಟ್ರೆಲ್ ಅನ್ನುವ ಚಿಕ್ಕ ಡೇಗೆ ಹೊರಗಿನಿಂದ ವಲಸೆ ಬರುತ್ತದೆ. ಮೂರನೆಯದು ಬಹಳ ಮಜಾ. ಕೋಗಿಲೆ ಬಳಗದ ಒಂದು ಹಕ್ಕಿ ಥೇಟ್ ಶಿಕ್ರಾದ ಬಣ್ಣವನ್ನೇ ಹೊತ್ತುಕೊಂಡಿದೆ, ಹಾರುವುದೂ ಅದರಂತೆಯೇ. ಅದನ್ನು ಕಂಡು ಸಣ್ಣ ಹಕ್ಕಿಗಳೇ ಮೋಸ ಹೋಗುತ್ತವೆ, ನಾವು ಹೋದರೆ ನಾಚಿಕೆಯೇನಿಲ್ಲ. ಕೊಕ್ಕು ನೋಡಿ. ಕೊಕ್ಕೆಯ ಹಾಗೆ ಬಾಗಿರದಿದ್ದರೆ ಅದು ಕೋಗಿಲೆ ಜಾತಿ.

ಹಂತ 2: ಊಟ ಎಲ್ಲಿದೆ ಅಂತ ನೋಡಿ

ಗಿಡುಗ ನಿಮ್ಮ ಹಿತ್ತಲಿಗೆ ನಿಮ್ಮ ಮೇಲಿನ ಪ್ರೀತಿಗೆ ಬರುವುದಿಲ್ಲ. ಅಳಿಲು, ಇಲಿ, ಓತಿಕ್ಯಾತ, ಗುಬ್ಬಿ, ಬೆಳವಕ್ಕಿ, ದೊಡ್ಡ ಮಿಡತೆ ಇವೆಲ್ಲ ಶಿಕ್ರಾದ ಊಟ. ಅದರಲ್ಲೂ ಓತಿಕ್ಯಾತ ಬಹಳ ಇಷ್ಟ. ಅಳಿಲು ಹಿಡಿದದ್ದು ನಮಗೆ ನೆನಪಿರುತ್ತದೆ, ಯಾಕೆಂದರೆ ಅಳಿಲು ಚೀರುತ್ತದೆ. ಓತಿಕ್ಯಾತ ಚೀರುವುದಿಲ್ಲ.

ಮೊದಲ ವಾರ ಹಕ್ಕಿಯನ್ನು ಮರೆತುಬಿಡಿ. ಹಿತ್ತಲಿನ ಒಂದು ಕಚ್ಚಾ ನಕ್ಷೆ ಬರೆಯಿರಿ. ಅಳಿಲು ಯಾವ ಕಂಪೌಂಡ್ ಗೋಡೆ ಮೇಲೆ ಓಡುತ್ತದೆ? ಬೇವಿನಿಂದ ಪೇರಲ ಗಿಡಕ್ಕೆ ಯಾವ ಕೊಂಬೆಯಿಂದ ಜಿಗಿಯುತ್ತದೆ? ದನದ ಕೊಟ್ಟಿಗೆಯ ಮೇವಿನ ಬಣವೆಯಲ್ಲಿ ಇಲಿಯ ಬಿಲ ಎಲ್ಲಿವೆ? ಅಕ್ಕ ಕಾಳು ಹಸನು ಮಾಡಿ ನುಚ್ಚು ಚೆಲ್ಲುವ ಜಾಗ ಯಾವುದು? ಈ ಪ್ರಾಣಿಗಳಿಗೆ ನಮ್ಮ ಹಾಗೆ ದಿನದ ದಾರಿಗಳಿವೆ. ಆ ದಾರಿ ಬಯಲಿಗೆ ಬೀಳುವ ಜಾಗವೇ ಬೇಟೆಯ ಜಾಗ. ಅಳಿಲು ಕೊಂಬೆಯೊಳಗೆ ಇರುವಷ್ಟು ಹೊತ್ತು ಶಿಕ್ರಾಕ್ಕೆ ಕಷ್ಟ. ಗೋಡೆ ಮೇಲೆ ಮೂರು ಮಾರು ಬಯಲು ದಾಟುವಾಗ ಸುಲಭ.

ಒಂದು ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಎಲ್ಲ ಹಕ್ಕಿಗಳೂ ಅಲ್ಲಿಗೆ ಬರುತ್ತವೆ, ಶಿಕ್ರಾ ಕೂಡ ಬಂದು ಹೊಟ್ಟೆ ಮುಳುಗಿಸಿ ಕೂರುತ್ತದೆ. ತಟ್ಟೆ ಪೊದೆಯಿಂದ ಎರಡು ಮೂರು ಮೀಟರ್ ದೂರವಿರಲಿ. ತೀರಾ ಪೊದೆಯ ಬುಡದಲ್ಲಿಟ್ಟರೆ ಬೆಕ್ಕಿಗೆ ಅನುಕೂಲ, ತೀರಾ ಬಯಲಲ್ಲಿಟ್ಟರೆ ಗುಬ್ಬಿಗೆ ಅಪಾಯ. ನೀರು ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ.

ಮಾಂಸದ ತುಂಡು ಇಟ್ಟು ಕರೆಯಬೇಡಿ. ಬರುವುದು ನಾಯಿ, ಕಾಗೆ, ಊರ ಹದ್ದು. ಶಿಕ್ರಾಕ್ಕೆ ಓಡುವ ಊಟವೇ ಬೇಕು.

ಹಂತ 3: ಇಲಿ ಪಾಷಾಣ ಮೊದಲು ನಿಲ್ಲಿಸಿ

ಇದನ್ನು ಬೇರೆ ಹಂತವಾಗಿಯೇ ಬರೆಯುತ್ತಿದ್ದೇನೆ. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ಸತ್ತ ಗಿಡುಗವನ್ನು ನೋಡಬೇಕಾಗುತ್ತದೆ.

ಗೊಬ್ಬರದ ಅಂಗಡಿಯಲ್ಲಿ ಸಿಗುವ ಇಲಿ ಔಷಧಗಳಲ್ಲಿ ಬ್ರೊಮಾಡಯೊಲೋನ್ ಒಂದು. ಕೇಕಿನಂಥ ಸಣ್ಣ ತುಂಡುಗಳು. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಬೇಕು. ಆ ದಿನಗಳಲ್ಲಿ ಅದು ನಿಧಾನವಾಗುತ್ತದೆ, ಹಗಲಿನಲ್ಲೂ ತೂಕಡಿಸುತ್ತಾ ಬಯಲಿಗೆ ಬರುತ್ತದೆ. ಗಿಡುಗಕ್ಕೆ ಇದಕ್ಕಿಂತ ಸುಲಭದ ಬೇಟೆ ಇನ್ನೇನಿದೆ? ಇಲಿಯ ಪಿತ್ತಜನಕಾಂಗದಲ್ಲಿ ಉಳಿದ ವಿಷ ಗಿಡುಗದ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ಮರಿಗಳ ಬಾಯಿಗೂ. ಗೂಬೆ, ಹಾಲಕ್ಕಿ ಅನ್ನುವ ಸಣ್ಣ ಗೂಬೆ, ಬೆಕ್ಕು, ಮುಂಗುಸಿಗೂ ಇದೇ ಗತಿ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಬೇಗ ಕೊಲ್ಲುತ್ತದೆ, ಆದರೆ ಅದನ್ನು ಕಲಸಿದ ಹಿಟ್ಟು ತಿಂದ ಹಕ್ಕಿಯೂ, ಬೀದಿ ನಾಯಿಯೂ ಉಳಿಯುವುದಿಲ್ಲ.

ಇಲಿ ಕಾಟ ನಿಜ, ಇಲ್ಲ ಅನ್ನುವುದಿಲ್ಲ. ಮನೆಯೊಳಗೆ ಬೋನು ಇಡಿ. ಕಾಳಿನ ಚೀಲ ನೆಲದ ಮೇಲೆ ಬಿಡದೆ ತಗಡಿನ ಡಬ್ಬಿಗೆ ಹಾಕಿ. ಬಿಲಕ್ಕೆ ಗಾಜಿನ ಚೂರು ಸೇರಿಸಿ ಸಿಮೆಂಟ್ ತುಂಬಿ. ಅಂಟಿನ ಹಲಗೆಯನ್ನು ಹಿತ್ತಲಿನಲ್ಲಿ ಇಡಲೇಬೇಡಿ. ಅಂಟಿಕೊಂಡು ಒದ್ದಾಡುವ ಇಲಿಯನ್ನು ಹಿಡಿಯಲು ಬಂದ ಹಕ್ಕಿಯೂ ಅದಕ್ಕೇ ಅಂಟಿಕೊಳ್ಳುತ್ತದೆ. ಹೊಲ ಇದ್ದವರು ಕಡಲೆ, ತೊಗರಿ ಸಾಲಿನ ನಡುವೆ ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ ಅಡ್ಡಕೋಲು ಕಟ್ಟಿದ ಗೂಟ ನಿಲ್ಲಿಸಿ. ಕಾಯಿಕೊರಕ ಹುಳು ತಿನ್ನಲಿ ಅಂತ ಕಾಜಾಣಕ್ಕಾಗಿ ಇದನ್ನು ನೆಡುತ್ತಾರೆ. ಅದೇ ಗೂಟದ ಮೇಲೆ ರಾಮದಾಸ ಹದ್ದೂ ಬಂದು ಕೂರುತ್ತದೆ, ರಾತ್ರಿ ಗೂಬೆಯೂ ಕೂರುತ್ತದೆ.

ಹಂತ 4: ಕೂತು ಕೇಳಿ

ಬೆಳಿಗ್ಗೆ 6ರಿಂದ 9, ಸಂಜೆ 4:30ರಿಂದ ಹೊತ್ತು ಮುಳುಗುವವರೆಗೆ. ನಡುಹಗಲು ಹಕ್ಕಿಯೂ ನೆರಳು ಹಿಡಿದಿರುತ್ತದೆ, ನೀವೂ ಹಿಡಿಯಿರಿ. ಸೂರ್ಯ ಬೆನ್ನ ಹಿಂದೆ ಇರುವ ಹಾಗೆ ಕೂತುಕೊಳ್ಳಿ: ಬೆಳಿಗ್ಗೆ ಪಶ್ಚಿಮಕ್ಕೆ ಮುಖ, ಸಂಜೆ ಪೂರ್ವಕ್ಕೆ. ದಿನಾ ಅದೇ ಜಾಗ, ಅದೇ ಕುರ್ಚಿ. ನಾಲ್ಕು ದಿನ ಕಳೆದರೆ ಅಳಿಲುಗಳು ನಿಮ್ಮನ್ನು ಲೆಕ್ಕಕ್ಕೇ ಇಡುವುದಿಲ್ಲ. ಅಲ್ಲಿಂದ ನಿಜವಾದ ನೋಟ ಶುರು.

ಈಗ ಕಿವಿಯ ಕೆಲಸ. ಹಿತ್ತಲಿಗೆ ಒಂದು ಸಾಮಾನ್ಯ ಸದ್ದಿರುತ್ತದೆ. ಗುಬ್ಬಿಯ ಚಿಲಿಪಿಲಿ, ಹರಟೆಮಲ್ಲಗಳ ಜಗಳ, ಎಲ್ಲೋ ಒಂದು ಪಿಕಳಾರ. ಕಣ್ಣು ಮುಚ್ಚಿ ಎರಡು ದಿನ ಇದನ್ನೇ ಕೇಳಿ. ಶಿಕ್ರಾ ಬಂದಾಗ ಈ ಸದ್ದು ಮೂರು ರೀತಿ ಬದಲಾಗುತ್ತದೆ.

ಮೊದಲನೆಯದು, ಒಮ್ಮೆಲೇ ಮೌನ. ಯಾರೋ ರೇಡಿಯೊ ಆರಿಸಿದ ಹಾಗೆ. ಇದರ ಅರ್ಥ ಹಕ್ಕಿ ಈಗಷ್ಟೇ ಒಳಗೆ ಬಂತು, ಅಥವಾ ಹಾರಿ ಹೋಯಿತು. ಮೇಲೆ ಆಕಾಶ ನೋಡಬೇಡಿ. ಗೋಡೆಯ ಎತ್ತರದಲ್ಲಿ, ಗಿಡಗಳ ನಡುವೆ ನೋಡಿ. ಶಿಕ್ರಾ ತಗ್ಗಿನಲ್ಲೇ ನುಗ್ಗುತ್ತದೆ.

ಎರಡನೆಯದು, ಅಳಿಲಿನ ಬಿಡದ ಚಿಕ್-ಚಿಕ್-ಚಿಕ್. ನಮ್ಮ ಪಕ್ಕದ ಮನೆಯ ಅಮ್ಮ ಹಕ್ಕಿಗಳ ಬಗ್ಗೆ ಒಂದು ಪುಸ್ತಕವನ್ನೂ ಓದಿದವರಲ್ಲ. ಹಿಟ್ಟು ನಾದುತ್ತಲೇ ಹೇಳುತ್ತಾರೆ, “ಯಪ್ಪಾ, ಇಣಚಿ ಚೀರಾಕತ್ತೈತಿ ನೋಡು, ಏನೋ ಬಂದೈತಿ.” ಬಹಳ ಸಲ ಸರಿಯಿರುತ್ತದೆ. ಆದರೆ ಬಂದದ್ದು ಬೆಕ್ಕೂ ಆಗಿರಬಹುದು. ನಾನು ಕಂಡ ಮಟ್ಟಿಗೆ, ಬೆಕ್ಕಾದರೆ ಅಳಿಲು ಬೊಡ್ಡೆಯ ಮೇಲೆ ತಲೆ ಕೆಳಗೆ ಮಾಡಿ ಬಾಲ ಕುಣಿಸುತ್ತಾ ಕೆಳಗೇ ದಿಟ್ಟಿಸಿ ಚೀರುತ್ತದೆ. ಗಿಡುಗವಾದರೆ ಮೊದಲು ಕೊಂಬೆಯ ಅಡಿಗೆ ಅಂಟಿಕೊಂಡು ಕಲ್ಲಾಗುತ್ತದೆ, ಚೀರುವುದೆಲ್ಲ ಆಮೇಲೆ. ಅಳಿಲಿನ ಮೂಗು ಯಾವ ದಿಕ್ಕಿಗಿದೆ ಅಂತ ನೋಡಿ, ನಿಮ್ಮ ದುರ್ಬೀನನ್ನೂ ಆ ದಿಕ್ಕಿಗೆ ತಿರುಗಿಸಿ.

ಮೂರನೆಯದು, ಗುಂಪಿನ ಗದ್ದಲ. ಕಾಗೆ, ಕಾಜಾಣ, ಹರಟೆಮಲ್ಲ, ಗೊರವಂಕ ಎಲ್ಲ ಸೇರಿ ಒಂದು ಕೊಂಬೆಯ ಸುತ್ತ ಬೈಯುತ್ತಿದ್ದರೆ ಅಲ್ಲಿ ಶಿಕ್ರಾ ಕೂತಿದೆ. ಇಲ್ಲವೇ ಹಗಲಿನಲ್ಲಿ ಸಿಕ್ಕಿಬಿದ್ದ ಹಾಲಕ್ಕಿ. ಗದ್ದಲವಾದಾಗ ಬೇಟೆ ನಡೆಯುವುದು ಕಡಿಮೆ, ಗುಟ್ಟು ರಟ್ಟಾಗಿರುತ್ತದೆ. ಹಕ್ಕಿಯನ್ನು ಚೆನ್ನಾಗಿ ನೋಡಲು ಮಾತ್ರ ಇದೇ ಒಳ್ಳೆಯ ಹೊತ್ತು.

ಶಿಕ್ರಾದ ಸ್ವಂತ ಕೂಗು ಎರಡು ಸ್ವರದ್ದು, ಚೂಪು. ಟೀ-ಟುಯ್, ಟೀ-ಟುಯ್. ಕಾಜಾಣ ಇದನ್ನು ಎಷ್ಟು ಚೆನ್ನಾಗಿ ನಕಲು ಮಾಡುತ್ತದೆ ಅಂದರೆ ವರ್ಷಗಟ್ಟಲೆ ಕೇಳಿದವರೂ ತಲೆ ಎತ್ತುತ್ತಾರೆ. ಮೊಬೈಲಿನ ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ. ಉಪಯೋಗಿಸಿ, ಆದರೆ ಅದು ಹೇಳಿತು ಅಂತ ಕಣ್ಣಿಂದ ನೋಡದೆ ಬರೆದುಕೊಳ್ಳಬೇಡಿ. ರೆಕಾರ್ಡ್ ಮಾಡಿದ ಕೂಗನ್ನು ಜೋರಾಗಿ ಹಾಕಿ ಹಕ್ಕಿಯನ್ನು ಕರೆಯುವ ಚಟವೂ ಬೇಡ. ಬೇರೆ ಗಿಡುಗ ತನ್ನ ಜಾಗಕ್ಕೆ ನುಗ್ಗಿತು ಅಂದುಕೊಂಡು ಅದು ಊಟ, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ.

ಹಂತ 5: ಬೇಟೆ

ಶಿಕ್ರಾ ಎಲೆ ಮರೆಯ ಕೊಂಬೆಯಲ್ಲಿ ಅಲ್ಲಾಡದೆ ಕೂರುತ್ತದೆ. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಎರಗುವುದು ಎರಡು ಮೂರು ಸೆಕೆಂಡಿನ ಮಾತು. ನೀವು ಫೋನ್ ತೆಗೆಯುವಷ್ಟರಲ್ಲಿ ಮುಗಿದಿರುತ್ತದೆ. ಆದ್ದರಿಂದ ಮೊದಲ ಹತ್ತು ಸಲ ವಿಡಿಯೊ ಆಸೆ ಬಿಡಿ. ಎರಗಿದ್ದೆಲ್ಲ ಸಿಗುವುದೂ ಇಲ್ಲ. ಬರಿಗಾಲಲ್ಲಿ ವಾಪಸ್ ಬಂದು ಪುಕ್ಕ ಕೊಡವಿ ಕೂರುವುದನ್ನೇ ನೀವು ಜಾಸ್ತಿ ನೋಡುತ್ತೀರಿ.

ಹಿಡಿದರೆ ಕೊಲ್ಲುವುದು ಕಾಲಿನ ಉಗುರಿನ ಹಿಡಿತದಿಂದ. ನೆಲದ ಮೇಲೆ ಹಿಡಿದಿದ್ದರೆ ರೆಕ್ಕೆಯನ್ನು ಕೊಡೆಯ ಹಾಗೆ ಬಿಡಿಸಿ ಬೇಟೆಯನ್ನು ಮುಚ್ಚುತ್ತದೆ, ಕಾಗೆ ಕಸಿಯಬಾರದು ಅಂತ. ಆಮೇಲೆ ತನ್ನ ಗೊತ್ತಿನ ಜಾಗಕ್ಕೆ ಒಯ್ದು ಪುಕ್ಕ, ಕೂದಲು ಕಿತ್ತು ತಿನ್ನುತ್ತದೆ. ಈ ಜಾಗವನ್ನು ಗುರುತಿಟ್ಟುಕೊಳ್ಳಿ: ಒಣ ಕೊಂಬೆ, ಹಳೆಯ ಗೋಡೆ, ನೀರಿನ ಟಾಕಿಯ ಅಂಚು. ಕೆಳಗೆ ಬಿದ್ದ ಪುಕ್ಕ, ಅಳಿಲಿನ ಬಾಲ ನೋಡಿದರೆ ವಾರದ ಊಟದ ಪಟ್ಟಿಯೇ ಸಿಗುತ್ತದೆ. ಅಳಿಲು ಹಿಡಿದ ಶಿಕ್ರಾಗಳಲ್ಲಿ ನಾನು ನೋಡಿದ್ದು ಹೆಚ್ಚಾಗಿ ಹೆಣ್ಣು. ಮೈ ದೊಡ್ಡದಲ್ವಾ.

ಅಲ್ಲೇ ಬೆರಳಿನ ಗಾತ್ರದ ಬೂದು ಉಂಡೆಗಳೂ ಸಿಗಬಹುದು. ಜೀರ್ಣವಾಗದ ಕೂದಲು, ಉಗುರು, ಹುಳುವಿನ ಚಿಪ್ಪನ್ನು ಹಕ್ಕಿ ಬಾಯಿಂದಲೇ ಉಂಡೆ ಮಾಡಿ ಉಗುಳುತ್ತದೆ. ಇದಕ್ಕೆ ಪೆಲೆಟ್ ಅನ್ನುತ್ತಾರೆ, ಹಿಕ್ಕೆ ಅಲ್ಲ. ಗಿಡುಗದ ಉಂಡೆಯಲ್ಲಿ ಮೂಳೆ ಕಡಿಮೆ, ಹೊಟ್ಟೆಯಲ್ಲೇ ಕರಗಿಬಿಡುತ್ತದೆ. ಇಲಿಯ ತಲೆಬುರುಡೆ ಇಡಿಯಾಗಿ ಸಿಕ್ಕರೆ ಅದು ಗೂಬೆಯ ಕೆಲಸ. ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿ, ಕಡ್ಡಿಯಿಂದ ಬಿಡಿಸಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

“ಅಳಿಲನ್ನು ಬಿಡಿಸಬೇಕಾ?” ಬಿಡಿಸಬೇಡಿ. ಉಗುರು ಒಳಗೆ ಇಳಿದ ಅಳಿಲು ನಿಮ್ಮ ಕೈಯಲ್ಲಿ ಬದುಕುವುದು ಕಷ್ಟ. ಗಿಡುಗ ಇನ್ನೊಂದನ್ನು ಹಿಡಿಯಲು ಹೋಗುತ್ತದೆ. ಒಂದರ ಬದಲು ಎರಡು ಸತ್ತಂತಾಯಿತು. ಮಕ್ಕಳು ಅತ್ತರೆ ಒಳಗೆ ಕರೆದುಕೊಂಡು ಹೋಗಿ.

“ನಮ್ಮ ಜವಾರಿ ಕೋಳಿ ಮರಿಗಳ ಗತಿ?” ತೀರಾ ಸಣ್ಣ ಮರಿಗೆ ಅಪಾಯ ಇದೆ, ದೊಡ್ಡ ಕೋಳಿಗೆ ಶಿಕ್ರಾದಿಂದ ಏನೂ ಆಗದು. ಮರಿ ಬಲಿಯುವವರೆಗೆ ಬುಟ್ಟಿ ಕವುಚಿ ಅಥವಾ ಮೇಲೆ ಬಲೆ ಕಟ್ಟಿ. ಬಲೆ ಬಿಗಿಯಾಗಿರಲಿ, ಜೋಲು ಬಿದ್ದ ಬಲೆಗೆ ಹಕ್ಕಿ ಸಿಕ್ಕಿಕೊಳ್ಳುತ್ತದೆ. ಕವಣೆ ಕಲ್ಲು ಹೊಡೆಯುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಕ್ಕಿಗಳಿಗೆ ರಕ್ಷಣೆ ಕೊಟ್ಟಿದೆ. ಕೊಲ್ಲುವುದಷ್ಟೇ ಅಲ್ಲ, ಮೊಟ್ಟೆ, ಗೂಡು ಕೆಡಿಸುವುದೂ ಆ ಕಾಯ್ದೆಯ ಲೆಕ್ಕದಲ್ಲಿ ‘ಬೇಟೆ’ಯೇ.

ಹಂತ 6: ಗೂಡು ಇದೆಯೇ?

ಶಿಕ್ರಾ ನಮ್ಮಲ್ಲಿ ಬೇಸಿಗೆಯಲ್ಲಿ ಗೂಡು ಕಟ್ಟುತ್ತದೆ. ಹಬ್ಬಗಳ ಲೆಕ್ಕದಲ್ಲಿ ಹೇಳಿದರೆ ನೆನಪಿಡಲು ಸುಲಭ. ಶಿವರಾತ್ರಿಯ ಆಸುಪಾಸು ಜೋಡಿ ಕೂಗು ಜೋರಾಗುತ್ತದೆ. ಯುಗಾದಿಯ ಹೊತ್ತಿಗೆ ಕಾಲಲ್ಲಿ ಕಡ್ಡಿ ಹಿಡಿದು ಹಾರುವುದು ಕಾಣಬಹುದು. ಬಸವ ಜಯಂತಿಯ ಸುತ್ತಮುತ್ತ ಮೊಟ್ಟೆ ಅಥವಾ ಎಳೆ ಮರಿ. ಕಾರಹುಣ್ಣಿಮೆಗೆ ಮರಿಗಳು ಕೊಂಬೆ ಕೊಂಬೆ ಜಿಗಿಯುತ್ತಿರುತ್ತವೆ. ಮೊಟ್ಟೆ ಸಾಮಾನ್ಯವಾಗಿ ಮೂರು ನಾಲ್ಕು, ಕಾವು ಸುಮಾರು 18ರಿಂದ 21 ದಿನ. ಆಮೇಲೆ ಮರಿ ಗೂಡಿನಲ್ಲಿರುವುದು ಹೆಚ್ಚುಕಡಿಮೆ ಒಂದು ತಿಂಗಳು. ಒಂದೆರಡು ವಾರ ಆಚೀಚೆ ಆಗುತ್ತದೆ. ರಾಮದಾಸ ಹದ್ದಿಗೆ ಹೀಗೆ ಕಟ್ಟುನಿಟ್ಟಿಲ್ಲ, ಇಲಿ ಇದ್ದರೆ ವರ್ಷದ ಹೆಚ್ಚಿನ ತಿಂಗಳಲ್ಲೂ ಗೂಡು ಮಾಡುತ್ತದೆ. ಹೊಲದ ಬದುವಿನ ಜಾಲಿ ಗಿಡಗಳನ್ನು ನೋಡಿ.

ಶಿಕ್ರಾದ ಗೂಡು ಅಂಥ ಚಂದದ್ದೇನಲ್ಲ. ಬೇವು, ಹುಣಸೆ, ಮಾವಿನಂಥ ದಟ್ಟ ಗಿಡದ ಕವಲಿನಲ್ಲಿ ಕಡ್ಡಿಗಳ ಒಂದು ಅಟ್ಟ, ಒಳಗೆ ಸ್ವಲ್ಪ ಹುಲ್ಲು. ಕಾಗೆ ಗೂಡಿನ ಹಾಗೇ ಕಾಣುತ್ತದೆ. ಕಾಗೆಯೂ ಅದೇ ತಿಂಗಳುಗಳಲ್ಲಿ ಕಟ್ಟುವುದರಿಂದ ಗೊಂದಲ ಗ್ಯಾರಂಟಿ. ಪೇಟೆಯ ಕಾಗೆ ಗೂಡಿಗೆ ತಂತಿ ಚೂರು ಸೇರಿಸುತ್ತದೆ. ಊರ ಹದ್ದಿನ ಗೂಡು ದೊಡ್ಡದು, ಚಿಂದಿ ಬಟ್ಟೆ, ಪ್ಲಾಸ್ಟಿಕ್ ನೇತಾಡುತ್ತಿರುತ್ತದೆ. ಇಷ್ಟಾದರೂ ಕೂತದ್ದು ಯಾರು ಅಂತ ನೋಡುವವರೆಗೆ ತೀರ್ಮಾನ ಬೇಡ.

ಗಿಡ ಗಿಡದ ಕೆಳಗೆ ತಲೆ ಎತ್ತಿ ಸುತ್ತಬೇಡಿ. ಗಂಡು ಊಟ ತಂದಾಗ ಗೂಡಿಗೆ ನೇರ ಹೋಗುವುದಿಲ್ಲ. ಹತ್ತಿರದ ಒಂದು ಕೊಂಬೆಯಲ್ಲಿ ಕೂತು ಕೂಗುತ್ತದೆ, ಹೆಣ್ಣು ಅಲ್ಲಿಗೆ ಬಂದು ಇಸಿದುಕೊಂಡು ವಾಪಸ್ ಹೋಗುತ್ತದೆ. ನೀವು ಕುರ್ಚಿಯಲ್ಲೇ ಕೂತು ಹೆಣ್ಣು ಯಾವ ಗಿಡಕ್ಕೆ ಮರಳಿತು ಅಂತ ನೋಡಿ. ಮೂರು ಸಲ ಒಂದೇ ಗಿಡಕ್ಕೆ ಹೋದರೆ ಗೂಡು ಅಲ್ಲೇ. ಮರಿಯಾದ ಮೇಲೆ ಇನ್ನೊಂದು ಗುರುತು: ಮರಿಗಳು ಗೂಡಿನ ಅಂಚಿಗೆ ಬಂದು ಹೊರಕ್ಕೆ ಹಿಕ್ಕೆ ಹಾರಿಸುತ್ತವೆ. ಗಿಡದ ಕೆಳಗೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಚುಕ್ಕೆ.

ಹಂತ 7: ಗೂಡು ಸಿಕ್ಕಿತು, ಈಗ ಹಿಂದೆ ಸರಿಯಿರಿ

ಇಲ್ಲಿಯೇ ಹೆಚ್ಚಿನವರು ಕೆಡಿಸುವುದು. ಗೂಡು ಕಂಡ ಖುಷಿಗೆ ಪಕ್ಕದ ಮನೆಯ ಅಣ್ಣ, ಭಾವ, ಮಕ್ಕಳು ಎಲ್ಲರನ್ನೂ ಕರೆದು ಗಿಡದ ಕೆಳಗೆ ನಿಲ್ಲಿಸುತ್ತಾರೆ. ಹೆಣ್ಣು ಹೆದರಿ ಹಾರುತ್ತದೆ. ಆಗ ಏನಾಗುತ್ತದೆ ಗೊತ್ತೇ?

ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಾಯಿ ಗೂಡಿನ ಮೇಲೆ ಕೂತಿರುವುದು ಬರೀ ಕಾವಿಗಲ್ಲ, ನೆರಳಿಗೆ. ಮಧ್ಯಾಹ್ನ ರೆಕ್ಕೆ ಅರ್ಧ ಬಿಚ್ಚಿ ಬಾಯಿ ತೆರೆದು ತೇಕುತ್ತಾ ಕೂರುತ್ತದೆ. 40 ಡಿಗ್ರಿಯಲ್ಲಿ ನೇರ ಬಿಸಿಲು ಬಿದ್ದರೆ ಮೊಟ್ಟೆ, ಬೋಳು ಮರಿ ತಡೆಯುವುದು ಸ್ವಲ್ಪ ಹೊತ್ತು ಮಾತ್ರ. ನೀವು ಫೋಟೊಗೆ ಕಾಯುವ ಅರ್ಧ ಗಂಟೆ ಅದಕ್ಕೆ ಬಹಳ. ಎರಡನೆಯದು ಕಾಗೆ. ನಾಲ್ಕು ಜನ ಒಂದೇ ಕೊಂಬೆಯನ್ನು ನೋಡುತ್ತಿದ್ದರೆ ಕಾಗೆಯೂ ಅತ್ತ ನೋಡುತ್ತದೆ. ತಾಯಿ ಎದ್ದ ಕ್ಷಣಕ್ಕೆ ಮೊಟ್ಟೆ ಕಾಗೆಯ ಪಾಲು.

ಆದ್ದರಿಂದ ಗೂಡಿನಿಂದ ಕನಿಷ್ಠ 30 ಮೀಟರ್ ದೂರ ಇರಿ. ಅಷ್ಟು ಜಾಗ ಇಲ್ಲದ ಹಿತ್ತಲಾದರೆ ಕಿಟಕಿಯ ಪರದೆಯ ಹಿಂದಿನಿಂದ ನೋಡಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ನಡುಹಗಲು ಬೇಡವೇ ಬೇಡ. ತಾಯಿ ನಿಮ್ಮ ಕಡೆಯೇ ನೋಡಿ ಕೂಗತೊಡಗಿದರೆ, ಅಥವಾ ಊಟ ತಂದ ಗಂಡು ಗೂಡಿನ ಹತ್ತಿರ ಬಾರದೆ ಸುತ್ತುತ್ತಿದ್ದರೆ ನೀವು ಹತ್ತಿರವಾಗಿದ್ದೀರಿ. ಎದ್ದು ಹೋಗಿ. ಮರಿ ಇರುವಾಗ ಕೆಲವು ತಾಯಂದಿರು ನೆತ್ತಿಗೆ ಎರಗುವುದೂ ಉಂಟು. ಆ ಮೂರ್ನಾಲ್ಕು ವಾರ ಅರಿವೆ ಒಣಹಾಕುವ ಹಗ್ಗವನ್ನು ಬೇರೆ ಕಡೆ ಕಟ್ಟಿ.

ಎಲೆ ಅಡ್ಡ ಬರುತ್ತದೆ ಅಂತ ಕೊಂಬೆ ಕತ್ತರಿಸಬೇಡಿ, ಆ ಎಲೆಯೇ ಅದರ ನೆರಳು. ಡ್ರೋನ್ ಹಾರಿಸಬೇಡಿ. ಗೂಡಿನ ಫೋಟೊವನ್ನು ಜಾಗದ ಹೆಸರಿನ ಜೊತೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಮರಿ ಕದ್ದು ಸಾಕುವವರು, ಮಾರುವವರು ಇದ್ದಾರೆ. ಮಳೆಗಾಲಕ್ಕೆ ಮುಂಚೆ ವಿದ್ಯುತ್ ತಂತಿಗೆ ತಾಗುವ ಕೊಂಬೆ ಕಡಿಯಲು ಬರುವವರಿಗೆ ಮೊದಲೇ ಹೇಳಿಡಿ: “ಅಣ್ಣಾ, ಈ ಕೊಂಬಿ ಒಂದು ಮಳಿ ಆದ ಮ್ಯಾಲ ಕಡೀರಿ, ಮರಿ ಅದಾವು.” ಹೆಚ್ಚಿನವರು ಒಪ್ಪುತ್ತಾರೆ. ಒಪ್ಪಿಸಲು ಒಂದು ಲೋಟ ಚಹಾ ಸಹಾಯ ಮಾಡುತ್ತದೆ.

ಹಂತ 8: ಮರಿ ಕೆಳಗೆ ಬಿದ್ದರೆ

ಮೇ ಕೊನೆಗೆ ಬರುವ ಫೋನುಗಳಲ್ಲಿ ಅರ್ಧ ಇದೇ. ಮೊದಲು ಮರಿಯನ್ನು ನೋಡಿ. ಮೈತುಂಬ ಪುಕ್ಕ ಬಂದಿದೆ, ತಲೆಯಲ್ಲಿ ಅಲ್ಲಲ್ಲಿ ಬಿಳಿ ತುಪ್ಪಳ ಉಳಿದಿದೆ, ಕಾಲ ಮೇಲೆ ಗಟ್ಟಿಯಾಗಿ ನಿಂತು ನಿಮ್ಮನ್ನು ಗುರಾಯಿಸುತ್ತಿದೆ ಅಂದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ನಾಯಿ, ಬೆಕ್ಕನ್ನು ದೂರವಿಡಿ. ತೀರಾ ನೆಲದಲ್ಲಿದ್ದರೆ ದಪ್ಪ ಟವೆಲಿನಿಂದ ಎತ್ತಿ ಹತ್ತಿರದ ಕೊಂಬೆಗೆ ಕೂರಿಸಿ. ಮನುಷ್ಯರ ಕೈ ತಾಗಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ಉಗುರಿನ ಬಗ್ಗೆ ಮಾತ್ರ ಹುಷಾರು.

ಬಿಳಿ ತುಪ್ಪಳದ ಎಳೆ ಮರಿಯಾದರೆ, ಅಥವಾ ರೆಕ್ಕೆ ಜೋತುಬಿದ್ದಿದ್ದರೆ, ಅಥವಾ ಪಟದ ಮಾಂಜಾ ದಾರ ಸುತ್ತಿಕೊಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕೆಳಗೆ ಹಳೆ ಬಟ್ಟೆ ಹಾಸಿ, ತಣ್ಣನೆಯ ಕತ್ತಲೆ ಜಾಗದಲ್ಲಿಡಿ. ಹಾಲು, ಅನ್ನ, ರೊಟ್ಟಿ ಕೊಡಬೇಡಿ. ಬಾಯಿಗೆ ನೀರು ಹಿಂಡಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಮಾಂಜಾ ಚರ್ಮಕ್ಕೆ ಇಳಿದಿದ್ದರೆ ಎಳೆಯದೆ, ಹೊರಗಿನ ದಾರವನ್ನಷ್ಟೇ ಕತ್ತರಿಸಿ. “ನಾವೇ ಸಾಕ್ತೀವಿ” ಅನ್ನುವುದು ಕಾನೂನಿಗೂ ವಿರುದ್ಧ, ಮರಿಗೂ ಕೆಡಕು.

ಹಂತ 9: ಬರೆದಿಡಿ

ತಾರೀಖು, ಹೊತ್ತು, ಏನು ಕೇಳಿಸಿತು, ಯಾವ ದಿಕ್ಕಿನಿಂದ ಬಂತು, ಎರಗಿತೇ, ಸಿಕ್ಕಿತೇ, ಏನು ಸಿಕ್ಕಿತು. ಒಂದು ಸಾಲು ಸಾಕು. ಏನೂ ಬಾರದ ದಿನವನ್ನೂ ಬರೆಯಿರಿ, ಜನ ಬಿಟ್ಟುಬಿಡುವುದು ಅದನ್ನೇ. ನೋಡಿದ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವವರು ಹಕ್ಕಿಯ ಹೆಸರು ಹಾಕಿ, ಗೂಡಿನ ಗುರುತು ಬೇಡ. ಜೂನ್ ಕೊನೆಗೆ ಮರಿಗಳು ದೂರ ಹೋದ ಮೇಲೆ ಗಿಡದ ಬುಡಕ್ಕೆ ಹೋಗಿ, ಧಾರಾಳವಾಗಿ ತಲೆ ಎತ್ತಿ ಖಾಲಿ ಗೂಡು ನೋಡಿ. ಎತ್ತರ, ಗಿಡದ ಜಾತಿ, ಕವಲಿನ ದಿಕ್ಕು ಬರೆದುಕೊಳ್ಳಿ. ಮುಂದಿನ ಶಿವರಾತ್ರಿಗೆ ಕುರ್ಚಿಯನ್ನು ಯಾವ ಮೂಲೆಗೆ ಹಾಕಬೇಕು ಅನ್ನುವುದು ಆ ಪುಟದಲ್ಲೇ ಸಿಗುತ್ತದೆ.